ಹತ್ತು ಗುಂಡಿನ ಕೋವಿ

ನಮ್ಮ ಕಡೆ ಮೊಲ ಹೊಡೆಯುವುದನ್ನೇ ಕಸುಬು ಮಾಡಿಕೊಂಡವರಲ್ಲಿ ಒಂದು ಕಟ್ಟಳೆಯಿದೆ. ನಿನ್ನ ನಾಯಿಯ ಕೊನೆ ನಿನ್ನ ಕೈಯಲ್ಲೇ ಆಗಬೇಕು. ಹತ್ತು ಹನ್ನೆರಡು ವರ್ಷ ನಿನ್ನ ಮಾತು ಕೇಳಿ ಗುಡ್ಡ ಹತ್ತಿ ಇಳಿದ ಪ್ರಾಣಿ ಮುದಿಯಾಗಿ ನರಳತೊಡಗಿದಾಗ ಅದನ್ನು ಪರರ ಕೈಗೆ ಒಪ್ಪಿಸುವವರು ಗಂಡಸಾಗಲಿ ಹೆಂಗಸಾಗಲಿ, ಹೇಡಿಗಳೇ. ಕುರಿಮಾಂಸದ ಒಂದು ತುಂಡು ಬಾಯಿಗೆ ಕೊಡಬೇಕು, ಹೆಸರು ಹಿಡಿದು ಕರೆಯಬೇಕು, ಅದು ತಲೆಯೆತ್ತಿ ಬಾಲ ಆಡಿಸುತ್ತಿರುವಾಗಲೇ ಒಂದೇ ಗುಂಡಿನಲ್ಲಿ ಮುಗಿಯಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಮೀರಿದವರನ್ನೂ ನಾನು ಕಂಡಿಲ್ಲ.

ಐಲ್ಸಾ ಟಲ್ಲಕ್ ಹೀಗೆ ಏಳು ನಾಯಿಗಳನ್ನು ಕಳಿಸಿಕೊಟ್ಟಿದ್ದಳು. ಏಳನ್ನೂ ತನ್ನ ಬಿಡಾರದ ಹಿಂದಿನ ಗುಡ್ಡದಲ್ಲಿ ಕಾಡುಗುಲಾಬಿಯ ಪೊದೆಗಳ ಕೆಳಗೆ ಹೂತಿದ್ದಳು. ಎಂಟನೆಯದು ಟಿಬ್ಬಿ. ಕಪ್ಪು ಮೈ, ಒಂದು ಕಿವಿ ಮಾತ್ರ ಬಿಳಿ. ಹದಿಮೂರು ತುಂಬಿದ ಟಿಬ್ಬಿಯ ಹೊಟ್ಟೆಯಲ್ಲಿ ಈ ವರ್ಷದ ಬೇಸಗೆಯಲ್ಲೇ ಒಂದು ಗಂಟು ಕೈಗೆ ಸಿಗುತ್ತಿತ್ತು. ಐಲ್ಸಾ ದಿನವೂ ಅದನ್ನು ಮುಟ್ಟಿ ನೋಡಿ, "ಇನ್ನೂ ಟೈಮಿದೆ ಬಿಡೇ ಮುದುಕಿ, ನಾನು ಹೇಳ್ತೀನಿ ನಿಂಗೆ," ಎನ್ನುತ್ತಿದ್ದಳು.

ಅರವತ್ಮೂರರ ಐಲ್ಸಾಳನ್ನು ಊರಿನವರು 'ಮೊಲದ ಐಲ್ಸಾ' ಎನ್ನುತ್ತಿದ್ದರು. ಹುಟ್ಟಿದ್ದು ಆ ಬಿಡಾರದಲ್ಲೇ. ಪ್ರೆಂಟಿಸರ ಕುರಿ ಎಸ್ಟೇಟಿನ ಅಂಚಿನಲ್ಲಿ ತಗಡಿನ ಸೂರಿನ ಎರಡು ಕೋಣೆ. ಮೊಲ ಹೊಡೆಯುವ ಆಳಿಗೆಂದೇ ಕಟ್ಟಿದ್ದು. ಅಪ್ಪ ಅಲೆಕ್ ಆ ಕೆಲಸದಲ್ಲಿದ್ದ. ಅಮ್ಮ, ಇವಳಿಗೆ ನಾಲ್ಕಾಗಿದ್ದಾಗ, ಮಾಂಸದ ವಾಸನೆ ಸಹಿಸಲಾರೆ ಎಂದು ಹೇಳಿ ಬಸ್ಸು ಹತ್ತಿದವಳು ಮತ್ತೆ ಬರಲಿಲ್ಲ. ಒಂಬತ್ತರ ವಯಸ್ಸಿಗೆ ಐಲ್ಸಾ ಅಪ್ಪನ ಕೋವಿಯಲ್ಲಿ ಮೊದಲ ಮೊಲ ಉರುಳಿಸಿದಳು. ಅಪ್ಪ ಶಹಭಾಸ್ ಅನ್ನಲಿಲ್ಲ. "ಕತ್ತಿಗೆ ತಾಗ್ಬೇಕಿತ್ತಾ, ತಲೆಗೆ ತಾಗ್ಬೇಕಿತ್ತಾ?" ಎಂದು ಕೇಳಿದ. ಆಮೇಲೆ ಒಮ್ಮೆಯೂ ಕತ್ತಿಗೆ ತಾಗಲಿಲ್ಲ.

ಮೊಲವೆಂದರೆ ಮುದ್ದು ಎನ್ನುವವರು ಒಮ್ಮೆ ನಮ್ಮ ಗುಡ್ಡಗಳನ್ನು ನೋಡಬೇಕು. ನಮ್ಮ ಹಿರಿಯರು ಹಡಗಿನಲ್ಲಿ ತಂದು ಮೋಜಿಗೆ ಬಿಟ್ಟ ಪ್ರಾಣಿ. ಈಗ ಒಂದು ಚಳಿಗಾಲ ಸುಮ್ಮನೆ ಬಿಟ್ಟರೆ ನಮ್ಮ ಒಟಾಗೊ ಸೀಮೆಯ ಅರ್ಧ ಹುಲ್ಲು ಅದರ ಹೊಟ್ಟೆಗೆ ಹೋಗುತ್ತದೆ, ಉಳಿದ ಅರ್ಧ ಮಣ್ಣಾಗಿ ಗಾಳಿಗೆ ಹಾರುತ್ತದೆ. ಅಪ್ಪ ಸತ್ತ ಮೇಲೆ ಪ್ರೆಂಟಿಸ್ ಮನೆಯ ಮುದುಕ ಯಜಮಾನ ಬಂದು ಐಲ್ಸಾಳ ಕೈ ಕುಲುಕಿ, "ಮೊಲ ಹೊಡೀತಿರೋವರೆಗೂ ಮನೆ ನಿಂದು," ಎಂದ. ನಲವತ್ತು ವರ್ಷ ಆ ಕೈಕುಲುಕಿನ ಮೇಲೆ ಬದುಕಿದಳು. ನಡುವೆ ಕುರಿಯುಣ್ಣೆ ಕತ್ತರಿಸುವವನೊಬ್ಬ ಮದುವೆಯಾಗುತ್ತೇನೆಂದು ಬಂದಿದ್ದ. ನಾಯಿ ಹೊರಗೆ ಮಲಗಲಿ ಎಂದು ಅವನು ಅಂದ. ನಾಯಿ ಒಳಗೇ ಉಳಿಯಿತು, ಅವನು ಹೋದ.

ಕೋವಿ ಅಪ್ಪನದೇ. ಸಣ್ಣ ಗುಂಡಿನದು, ಒಮ್ಮೆ ತುಂಬಿದರೆ ಬೆರಳಿನಿಂದ ಕುದುರೆ ಎಳೆದಂತೆಲ್ಲ ತಾನೇ ಮುಂದಿನ ಗುಂಡನ್ನು ತಂದುಕೊಳ್ಳುವಂಥದು. ನಳಿಗೆಯ ಕೆಳಗೆ ಉದ್ದಕ್ಕೆ ಒಂದು ಕೊಳವೆ. ಅದೇ ಅದರ ಮ್ಯಾಗಜೀನ್. ಗುಂಡುಗಳನ್ನು ಒಂದರ ಹಿಂದೊಂದು ಅದರೊಳಗೆ ಇಳಿಬಿಡಬೇಕು. ಹದಿನೈದು ಹಿಡಿಯುತ್ತಿತ್ತು.

ಆರು ವರ್ಷದ ಹಿಂದೆ ಕಾನೂನು ಬಿಗಿಯಾಯಿತು. ಯಾಕೆ ಬಿಗಿಯಾಯಿತೆಂದು ಈ ದೇಶದಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಮಸೀದಿಗಳಲ್ಲಿ ಪ್ರಾರ್ಥನೆಗೆ ಕುಳಿತವರನ್ನು ಒಬ್ಬ ಕೋವಿಯಿಂದ ಹೊಡೆದು ಕೊಂದ ಆ ದಿನ ಐಲ್ಸಾ ರೇಡಿಯೋದ ಮುಂದೆ ಕುಳಿತು ಅತ್ತಿದ್ದಳು. ಇಂಥ ಕೋವಿಗೆ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್ ಇರಕೂಡದು ಎಂದು ಆಜ್ಞೆಯಾದಾಗ ಊರಿನ ಗಂಡಸರೆಲ್ಲ ಹೋಟೆಲಿನಲ್ಲಿ ಬಿಯರ್ ಹಿಡಿದು ಸರ್ಕಾರಕ್ಕೆ ಬೈಯುತ್ತಿದ್ದರೆ, ಐಲ್ಸಾ ಮಾರನೆಯ ಬೆಳಗ್ಗೆಯೇ ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಪೇಟೆಗೆ ಹೋದಳು. "ಹತ್ತು ಗುಂಡಲ್ಲಿ ಒಂದು ಮೊಲ ಬೀಳಿಸಕ್ಕಾಗ್ದೋರು ಕೋವಿ ಮುಟ್ಟಬಾರ್ದು," ಎಂದು ಆ ಗಂಡಸರ ಮುಖಕ್ಕೇ ಹೇಳಿ ಹೋದಳು. ಅದನ್ನು ಅವರು ಮರೆತಿರಲಿಲ್ಲ.

ಪೇಟೆಯಲ್ಲಿ ಆಗ ಸಾರ್ಜೆಂಟ್ ಆಗಿದ್ದವನು ಲಾಕಿ ಮನ್ರೋ. ಅಲೆಕ್‌ನ ಜೊತೆ ಮೀನು ಹಿಡಿದವನು, ಅಲೆಕ್‌ನ ಹೆಣ ಹೊತ್ತವನು. ಐಲ್ಸಾ ಬಂದದ್ದೇ ಅವನು ತನ್ನ ಮನೆಯ ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದ. ಹೆಂಡತಿ ಜೀನ್‌ಳ ಪೊರಕೆ ಬಾಗಿಲಲ್ಲಿ ನಿಂತಿತ್ತು. ಅದರ ಕೋಲಿನಿಂದ ಒಂದು ಗೇಣಿಗೂ ಕಮ್ಮಿ ತುಂಡನ್ನು ಗರಗಸದಲ್ಲಿ ಕೊಯ್ದು, ಹೆರೆದು ತೆಳುವಾಗಿಸಿ, ಬಿರಡೆ ಮಾಡಿ ಕೊಳವೆಯೊಳಗೆ ಇಳಿಸಿದ. ಹೊರಗಿನಿಂದ ತೂತು ಕೊರೆದು ಉಕ್ಕಿನ ಮೊಳೆ ಬಡಿದು, ಎರಡೂ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿದ. ಆಮೇಲೆ ಗುಂಡು ತುಂಬಿ ನೋಡಿದರು. ಹತ್ತು ಹೋದವು. ಹನ್ನೊಂದನೆಯದು ಹೋಗಲಿಲ್ಲ.

"ಹತ್ತು ಅಂದ್ರೆ ಹತ್ತು ಕಣೇ. ಹೋಗು, ಮೊಲ ಹೊಡಿ," ಎಂದ ಮನ್ರೋ.

"ಕಾಗದ ಗೀಗದ ಏನಾದ್ರೂ ಬೇಕೇನೋ?"

"ಕಾಗದ ಯಾಕೆ? ನಾನಿದೀನಲ್ಲ."

ಎಲ್ಲ ಎಡವಟ್ಟೂ ಇಲ್ಲೇ. ಬೇರೆ ಕಡೆಯವರಾಗಿದ್ದರೆ ಒಂದು ಚೀಟಿಯಲ್ಲಾದರೂ ಗೀಚಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ಕೈಕುಲುಕಿದ ಮೇಲೆ ಕಾಗದ ಕೇಳಿದರೆ ಬೈದಂತೆ. ಐಲ್ಸಾ ಕೈ ಕುಲುಕಿ ಮನೆಗೆ ಬಂದಳು.

ಈ ವರ್ಷ ಏಪ್ರಿಲಿನಲ್ಲಿ ಲೈಸೆನ್ಸಿನ ಅವಧಿ ಮುಗಿಯುತ್ತಿತ್ತು. ಮನ್ರೋ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಕೋವಿ ತಪಾಸಣೆಗೆ ಬಂದವನು ಹೊಸಬ, ಡೆಸ್ಮಂಡ್ ಕ್ರಾಯ್. ಮೂವತ್ತೈದರ ಒಳಗಿನವನು, ಬೂಟಿಗೆ ಮಣ್ಣಾಗದಂತೆ ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಡುತ್ತ ಬಂದ. ಐಲ್ಸಾ ಬೆಳಗ್ಗೆಯೇ ಚೀಸ್ ಹಾಕಿ ಸ್ಕೋನ್ ಬನ್ನುಗಳನ್ನು ಬೇಯಿಸಿಟ್ಟಿದ್ದಳು. ಟಿಬ್ಬಿ ಒಲೆಯ ಮುಂದೆ ಮಲಗಿದ್ದಲ್ಲಿಂದಲೇ ಬಾಲ ಬಡಿಯಿತು.

ಕಬ್ಬಿಣದ ಕಪಾಟು ನೋಡಿದ, ಸರಿ. ಬೀಗ ನೋಡಿದ, ಸರಿ. ಸ್ಕೋನಿಗೆ ಬೆಣ್ಣೆ ಸವರಿ ತಿಂದು, "ಚೆನ್ನಾಗಿದೆ ಮಿಸ್ ಟಲ್ಲಕ್," ಎಂದ. ಕೋವಿ ತೆಗೆದುಕೊಂಡು ಮೇಜಿನ ಮೇಲಿಟ್ಟು, ಇವಳ ಡಬ್ಬಿಯಿಂದಲೇ ಗುಂಡು ತೆಗೆದು ಕೊಳವೆಗೆ ಇಳಿಸಿದ. ಹತ್ತು. ಐಲ್ಸಾ ನಕ್ಕಳು.

"ಹನ್ನೊಂದನೇದು ತುರುಕಿ ನೋಡಪ್ಪಾ, ಬೇಕಾದ್ರೆ ಸುತ್ತಿಗೆ ಕೊಡ್ತೀನಿ."

ಕ್ರಾಯ್ ನಗಲಿಲ್ಲ. ಗುಂಡುಗಳನ್ನು ಹೊರಗೆ ಸುರಿದುಕೊಂಡು ಕೇಳಿದ, "ಇದೇ ಅಳತೆಯ ಗಿಡ್ಡ ಗುಂಡು ಬರ್ತಿತ್ತಲ್ಲ ಹಿಂದೆ, ಅದು ಇದೆಯಾ ನಿಮ್ಮ ಹತ್ರ?"

ಅಯ್ಯೋ, ಇಲ್ಲ ಎಂದಿದ್ದರೆ! ಒಂದು ಸಣ್ಣ ಸುಳ್ಳು. ಅವನ ಜೇಬಿನಲ್ಲಿ ಆ ಗುಂಡು ಇರಲಿಲ್ಲ; ಈಗ ಅದನ್ನು ಅಂಗಡಿಯಲ್ಲೂ ಮಾರುವುದಿಲ್ಲ. ಆದರೆ ಐಲ್ಸಾ ಅಂಥವಳಲ್ಲ. ಅತಿಥಿ ಕೇಳಿದ್ದು ಮನೆಯಲ್ಲಿದ್ದರೆ ಹುಡುಕಿ ಕೊಡುವವಳು. ಸ್ಟೂಲು ಹತ್ತಿ, ಅಟ್ಟದಿಂದ ಅಪ್ಪನ ಹೊಗೆಸೊಪ್ಪಿನ ತಗಡಿನ ಡಬ್ಬಿ ಇಳಿಸಿ, ತನ್ನ ಏಪ್ರನ್ನಿನಿಂದ ಧೂಳು ಒರೆಸಿ, ಅವನ ಮುಂದಿಟ್ಟಳು.

"ಅಪ್ಪಂದು. ನಲವತ್ತು ವರ್ಷದಿಂದ ಮುಟ್ಟಿಲ್ಲ. ಮ್ಯೂಸಿಯಮ್ಮಿಗೆ ಬೇಕಾ ನಿಂಗೆ?"

ಕ್ರಾಯ್ ಒಂದೊಂದಾಗಿ ಇಳಿಸಿದ. ಹತ್ತು. ಹನ್ನೊಂದು. ಹನ್ನೆರಡು. ಗುಂಡು ಗಿಡ್ಡ, ಕೊಳವೆ ಅದೇ, ಹೋಗದೆ ಏನು? ಹದಿನಾಲ್ಕಕ್ಕೆ ನಿಂತಿತು.

"ಹದಿನಾಲ್ಕು," ಎಂದು ಬರೆದುಕೊಂಡ.

ಐಲ್ಸಾಗೆ ಇನ್ನೂ ತಮಾಷೆಯೇ. "ಲೋ ಮಗಾ, ಆ ಗುಂಡು ಈ ಕೋವೀಲಿ ಹಾರಲ್ಲ. ಒಂದು ಹೊಡೆದ್ರೆ ಎರಡನೇದು ಸಿಕ್ಕಿಹಾಕ್ಕೊಳುತ್ತೆ. ಅಪ್ಪ ಅದಕ್ಕೇ ಎತ್ತಿಟ್ಟಿದ್ದು."

"ಹಾರುತ್ತೋ ಇಲ್ವೋ ಅದು ನಮಗೆ ಬೇಡ ಮಿಸ್ ಟಲ್ಲಕ್. ಒಳಗೆ ಹೋಗುತ್ತೋ ಇಲ್ವೋ ಅಷ್ಟೇ. ಫೆಬ್ರವರಿಯಿಂದ ಮೇಲಿನವರು ಹಾಗೇ ಅರ್ಥ ಮಾಡ್ಕೊಂಡಿದ್ದಾರೆ."

"ಕಾನೂನು ಬದಲಾಯ್ತಾ ಹಂಗಾದ್ರೆ?"

"ಕಾನೂನು ಅದೇ. ಎಣಿಸೋ ರೀತಿ ಬದಲಾಗಿದೆ."

"ಬಟಾಣಿ ತುಂಬಿದ್ರೆ ನಲವತ್ತು ಹಿಡಿಯುತ್ತಪ್ಪ. ಬಟಾಣಿ ತರ್ಲಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಐಲ್ಸಾ ಬದುಕಿನಲ್ಲಿ ಬೇಕಾದಷ್ಟು ಕಂಡಿದ್ದಳು. ಆದರೆ ಅವಳು ಹಿಡಿದ ಮೊಲಗಳಿಗೆಲ್ಲ ನಾಲ್ಕೇ ಕಾಲಿದ್ದವು, ಹಾಗಾಗಿ ಇಂಥವರೊಡನೆ ವಾದ ಮಾಡುವ ಅಭ್ಯಾಸ ಅವಳಿಗಿರಲಿಲ್ಲ. ಬಿರಡೆ ಹಾಕಿದ್ದು ಯಾರೆಂದು ಕ್ರಾಯ್ ಕೇಳಿದ. ಸಾರ್ಜೆಂಟ್ ಮನ್ರೋ ಎಂದಳು. ಕಾಗದವಿದೆಯೇ ಎಂದ. ಇಲ್ಲ ಎಂದಳು. ನಿಷಿದ್ಧ ಮ್ಯಾಗಜೀನ್ ಇಟ್ಟುಕೊಂಡಿದ್ದಕ್ಕೆ ಕೋವಿ ಜಪ್ತಿ, ಲೈಸೆನ್ಸ್ ಅಮಾನತು. ತಕರಾರಿದ್ದರೆ ಮೂವತ್ತು ದಿನದೊಳಗೆ ಬರೆದುಕೊಡಬೇಕು ಎಂದು ಮೂರು ಕಡೆ ಸಹಿ ಹಾಕಿಸಿಕೊಂಡ. ಅಪ್ಪನ ಕೋವಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿಗೆ ಹಾಕಿದ ಮೇಲೆ ಮತ್ತೆ ಬಾಗಿಲಿಗೆ ಬಂದ.

"ಎರಡು ಸ್ಕೋನ್ ಕಟ್ಟಿಕೊಡ್ತೀರಾ? ದಾರಿ ದೂರ."

ಕಟ್ಟಿಕೊಟ್ಟಳು. ಹಾಳಾದ ಸಂಸ್ಕಾರ, ಕಟ್ಟಿಕೊಟ್ಟಳು!

ಮನ್ರೋ ಇದ್ದಾನಲ್ಲ ಎನ್ನುವುದೊಂದೇ ಅವಳ ಧೈರ್ಯ. ಮಾರನೆಯ ದಿನವೇ ಪೇಟೆಗೆ ಹೋದಳು. ಅವನು ಮನೆಯ ಮುಂದೆ ಡೇಲಿಯಾ ಗೆಡ್ಡೆ ಅಗೆಯುತ್ತಿದ್ದ. ಇವಳು ಹೇಳಿದ್ದನ್ನೆಲ್ಲ ಬಗ್ಗಿಕೊಂಡೇ ಕೇಳಿಸಿಕೊಂಡ.

"ಯಾವ ಕೋವಿ?" ಎಂದ.

"ಯಾವ ಕೋವಿನಾ? ಅಪ್ಪಂದು ಕಣೋ! ನಿನ್ ಶೆಡ್ಡಲ್ಲಿ ಬಿರಡೆ ಬಡಿದ್ಯಲ್ಲ!"

"ನಂಗೆ ನೆನಪಿಲ್ಲ ಐಲ್ಸಾ."

"ಲಾಕಿ, ತಮಾಷೆ ಮಾಡ್ಬೇಡ. ಒಂದು ಸಾಲು ಬರ್ಕೊಡು ಸಾಕು."

ಮನ್ರೋ ನೆಟ್ಟಗಾಗಿ ಕೈಯ ಮಣ್ಣು ಕೊಡವಿದ. "ನನ್ ಮಗ ಈಗ ಅದೇ ಇಲಾಖೇಲಿದಾನೆ, ಗೊತ್ತಲ್ಲ? ಬಡ್ತಿ ಬರೋ ಹೊತ್ತು. ನಾನು ಸಮವಸ್ತ್ರದಲ್ಲಿದ್ದಾಗ ಶೆಡ್ಡಲ್ಲಿ ಕೂತು ಊರವರ ಕೋವಿ ರಿಪೇರಿ ಮಾಡಿದ್ದೆ ಅಂತ ಬರ್ಕೊಡ್ಲಾ? ಅದೆಲ್ಲ ಆಗೋ ಮಾತಲ್ಲ."

"ನನ್ ಬದುಕು ಹೋಗುತ್ತಲ್ಲೋ! ಕೋವಿ ಇಲ್ದಿದ್ರೆ ಕೆಲಸ ಇಲ್ಲ, ಕೆಲಸ ಇಲ್ದಿದ್ರೆ ಮನೆ ಇಲ್ಲ."

"ನಿಂಗೆ ಅರವತ್ತು ದಾಟ್ತು. ಯಾವತ್ತಾದ್ರೂ ಬಿಡಲೇಬೇಕಿತ್ತಲ್ಲ."

ಬಾಗಿಲ ಬಳಿ ಜೀನ್‌ಳ ಪೊರಕೆ ಒರಗಿತ್ತು. ಅದೇ ಪೊರಕೆ, ಅದೇ ಮೋಟು ಕೋಲು. ಆರು ವರ್ಷದಿಂದ ಜೀನ್ ಸೊಂಟ ಬಗ್ಗಿಸಿಯೇ ಗುಡಿಸುತ್ತಿದ್ದಳು. ಐಲ್ಸಾ ಅದನ್ನು ತೋರಿಸಿ, "ಅದಕ್ಕೂ ನೆನಪಿಲ್ವಾ?" ಎಂದಳು. ಕಿಟಕಿಯಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಜೀನ್ ಬಾಗಿಲು ತೆರೆದು ಹೊರಗೆ ಬಂದಳು. ಅವಳಾದರೂ ಏನಾದರೂ ಹೇಳುತ್ತಾಳೆಂದು ಐಲ್ಸಾ ಕಾದಳು. ಜೀನ್ ಪೊರಕೆಯನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಥೂ, ಉಂಡ ಮನೆಗೆ ಹೀಗೆ ಎರಡು ಬಗೆಯುವ ಜನವೂ ಉಂಟು.

ಆಮೇಲೆ ಉಳಿದದ್ದು ಹ್ಯೂಗೊ ಪ್ರೆಂಟಿಸ್. ಮುದುಕ ಯಜಮಾನನ ಮೊಮ್ಮಗ, ಈಗ ಎಸ್ಟೇಟಿನ ಒಡೆಯ. ಐಲ್ಸಾಳ ತೊಡೆಯ ಮೇಲೆ ಕುಳಿತು ಮೊಲದ ಬಾಲ ಬೇಕೆಂದು ಅತ್ತ ಹುಡುಗ. ಅವನ ಬಳಿಯೂ ಕೊಳವೆಯ ಕೋವಿಗಳು ಮೂರಿದ್ದವು. ಹೊಸ ಎಣಿಕೆಯಲ್ಲಿ ಅವೂ ನಿಷಿದ್ಧವೇ. ಆದರೆ ಅವನಿಗೆ ಕೋವಿಗಾರರ ಕ್ಲಬ್ಬಿತ್ತು, ಕ್ಲಬ್ಬಿಗೆ ವಕೀಲರಿದ್ದರು. ಪೊಲೀಸರು ಎಣಿಸುವ ರೀತಿಯೇ ತಪ್ಪೆಂದು ಅವರೆಲ್ಲ ಕೋರ್ಟಿಗೆ ಹೋಗುವುದರಲ್ಲಿದ್ದರು.

"ನನ್ ಹೆಸರೂ ಸೇರಿಸ್ಕೊಳ್ಳೋ ಹ್ಯೂಗೊ," ಎಂದಳು ಐಲ್ಸಾ, ಅವನ ಅಂಗಳದಲ್ಲಿ ನಿಂತು.

"ವಕೀಲರನ್ನ ಕೇಳಿದೆ ಐಲ್ಸಾ. ನಿಮ್ಮದು ಕೆಟ್ಟ ಕೇಸಂತೆ. ಕಾಗದವಿಲ್ಲ, ಪೊರಕೆ ಕೋಲಿನ ಬಿರಡೆ, ಡಬ್ಬಿ ನೀವೇ ತಂದುಕೊಟ್ಟಿದ್ದೀರಿ. ನಿಮ್ಮನ್ನ ಸೇರಿಸಿಕೊಂಡರೆ ನಮ್ಮದೂ ಹಾಳಾಗುತ್ತೆ. ನೀವು ಈಗ ತಕರಾರು ಬರೆಯೋಕೂ ಹೋಗಬೇಡಿ, ದಯವಿಟ್ಟು. ನಾವು ಗೆದ್ದರೆ ನಿಮಗೂ ಬಂದ ಹಾಗೇ ಅಲ್ವಾ?"

ಬರೆಯಲಿಲ್ಲ. ಮೂವತ್ತು ದಿನ ಕಳೆಯಿತು. ಮೂವತ್ತೊಂದನೆಯ ದಿನ ಹ್ಯೂಗೊ ತಾನೇ ಬಿಡಾರಕ್ಕೆ ಬಂದ. ವಿಷದ ಕ್ಯಾರೆಟ್ ಎರಚುವ ಕಂಪನಿಗೆ ಗುಡ್ಡ ಒಪ್ಪಿಸಿದ್ದಾಗಿದೆ, ಅವರ ಆಳು ಜುಲೈ ಒಂದಕ್ಕೆ ಬರುತ್ತಾನೆ, ಬಿಡಾರ ಬೇಕು ಎಂದ. ಅಜ್ಜನ ಮಾತು ನೆನಪಿಸಿದಳು. ಹ್ಯೂಗೊ ಬಹಳ ಸೌಜನ್ಯದಿಂದ, "ಅಜ್ಜ ಹೇಳಿದ್ದು ಮೊಲ ಹೊಡೆಯೋವರೆಗೂ ಅಂತ ಅಲ್ವಾ?" ಎಂದು ಕೇಳಿದ. ಅಂಗಡಿಗೆ ಹೋದರೆ ಹಿಂದೆ ಬೈಸಿಕೊಂಡಿದ್ದ ಗಂಡಸರು, "ಏನಮ್ಮಾ, ಹತ್ತಕ್ಕೆ ಸಾಕಾಗ್ಲಿಲ್ವಾ, ಹದಿನಾಲ್ಕು ಬೇಕಾಯ್ತಾ?" ಎಂದು ಹಲ್ಲು ಕಿಸಿದರು.

ಜೂನ್ ಎಂದರೆ ನಮ್ಮ ಕಡೆ ಕಡುಚಳಿಗಾಲ; ತಿಂಗಳ ನಡುವೆ ನೆಲ ಕಲ್ಲಿನಂತೆ ಹೆಪ್ಪುಗಟ್ಟಿತು. ಟಿಬ್ಬಿ ತಿನ್ನುವುದು ಬಿಟ್ಟಿತು. ಹೊಟ್ಟೆಯ ಗಂಟು ಮುಷ್ಟಿಯಷ್ಟಾಗಿತ್ತು. ಸೋಮವಾರ ಬೆಳಗಿನಿಂದ ನರಳಾಟ ಶುರುವಾಯಿತು. ಮಂಗಳವಾರ ಅದು ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ತಲೆ ಒತ್ತಿ ನಿಂತು ಊಳಿಟ್ಟಿತು. ಟೈಮ್ ಬಂದಿತ್ತು. ಹೇಳುತ್ತೇನೆಂದು ಮಾತು ಕೊಟ್ಟವಳು ಅವಳೇ.

ಪಶುವೈದ್ಯನಿಗೆ ಫೋನ್ ಮಾಡಿದಳು. ಕಣಿವೆ ರಸ್ತೆಯ ಮೇಲೆ ಮಂಜುಗಡ್ಡೆ, ಶುಕ್ರವಾರಕ್ಕೆ ಮೊದಲು ಆಗದು ಎಂದರು. ಹ್ಯೂಗೊನ ಮನೆಗೆ ಹೋದಳು. ಮಾನ ಮರ್ಯಾದೆ ಎಲ್ಲ ನುಂಗಿಕೊಂಡು, "ಒಂದು ಕೋವಿ, ಒಂದು ಗುಂಡು, ನೀನು ಪಕ್ಕದಲ್ಲೇ ನಿಂತ್ಕೋ," ಎಂದು ಕೇಳಿದಳು. ಕೋರ್ಟಿನ ದಿನ ಹತ್ತಿರ ಬಂತು, ಈಗ ತನ್ನ ಮನೆಯ ಕೋವಿ ಅವಳ ಕೈಯಲ್ಲಿ ಕಂಡರೆ ವಕೀಲರು ತನ್ನನ್ನು ಕೊಲ್ಲುತ್ತಾರೆ ಎಂದ. ನೀನೇ ಹೊಡಿ ಹಾಗಾದರೆ ಎನ್ನುವಷ್ಟು ಕೆಳಗೆ ಅವಳು ಇಳಿದಳು. "ಅಯ್ಯೋ, ನಾಯಿನಾ? ನನ್ನ ಕೈಲಾಗಲ್ಲಪ್ಪ," ಎಂದ ಮಹಾನುಭಾವ, ಅವನ ಎಸ್ಟೇಟಿನ ಗುಡ್ಡಗಳಲ್ಲಿ ಆ ಹೊತ್ತಿಗೆ ಸಾವಿರಾರು ಮೊಲಗಳು ವಿಷ ತಿಂದು ಒದ್ದಾಡಲು ದಿನ ಗೊತ್ತಾಗಿತ್ತು.

ಕೊನೆಗೆ ಕ್ರಾಯ್‌ಗೆ ಫೋನ್ ಮಾಡಿದಳು.

"ನನ್ ಕೋವಿ ನಿಮ್ಮತ್ರ ಇದೆಯಲ್ಲಪ್ಪ. ನೀನೇ ತಗೊಂಡ್ಬಾ. ನೀನೇ ಹಿಡ್ಕೊಂಡಿರು. ನಂಗೆ ಹದಿನಾಲ್ಕು ಬೇಡ, ಹತ್ತೂ ಬೇಡ. ಒಂದು ಕೊಡು. ನಾಯಿ ನೋವಲ್ಲಿ ಸಾಯ್ತಿದೆ."

"ಮಿಸ್ ಟಲ್ಲಕ್, ಈ ಮಾತುಕತೆ ದಾಖಲಾಗ್ತಾ ಇದೆ."

"ಆಗ್ಲಿ! ಒಂದು ಗುಂಡು ಕಣಪ್ಪಾ. ನೀನು ಕೊಡ್ದಿದ್ರೆ ಎಲ್ಲಿಂದಾದ್ರೂ ತರ್ಲೇಬೇಕು ನಾನು."

ಆ ಕಡೆಯಿಂದ ಪೆನ್ನಿನ ಟಕ್ ಶಬ್ದ.

"ಅಮಾನತಾಗಿರೋವಾಗ ಕೋವಿ ಸಂಪಾದಿಸೋಕೆ ನೋಡ್ತಿದೀರಿ ಅಂತ ನಾನು ಬರೀಬೇಕಾಗುತ್ತೆ. ನನ್ನ ಕೆಲಸ ಅದು. ಪಶುವೈದ್ಯರನ್ನ ಸಂಪರ್ಕಿಸಿ."

ಬುಧವಾರ ಬೆಳಗ್ಗೆ ಹತ್ತರ ಹೊತ್ತಿಗೆ ಟಿಬ್ಬಿಯ ಬಾಯಿಂದ ನೊರೆ ಬರುತ್ತಿತ್ತು. ಐಲ್ಸಾ ಅದನ್ನು ಎತ್ತಿಕೊಂಡು ಗುಡ್ಡಕ್ಕೆ ಹೋದಳು. ಬೇಲಿ ಬಡಿಯುವ ದೊಡ್ಡ ಸುತ್ತಿಗೆ ಬೆಲ್ಟಿನಲ್ಲಿತ್ತು. ಏಳು ನಾಯಿಗಳ ಪಕ್ಕದಲ್ಲಿ, ಎಲೆಯುದುರಿದ ಕಾಡುಗುಲಾಬಿಯ ಕೆಳಗೆ ಇಳಿಸಿದಳು. ಕುರಿಮಾಂಸದ ತುಂಡು ಕೊಟ್ಟಳು. ಅದು ಮೂಸಿ, ಇವಳ ಮನಸ್ಸಿಗಾಗಿ ಎಂಬಂತೆ ಒಮ್ಮೆ ನೆಕ್ಕಿ ಬಿಟ್ಟಿತು. ಸುತ್ತಿಗೆ ಎತ್ತಿದಳು. ಐವತ್ತು ವರ್ಷದ ಅಭ್ಯಾಸ ಬಾಯಿಗೆ ಬಂತು.

"ಟಿಬ್ಬಿ," ಎಂದು ಕರೆದಳು.

ಅದೇ ತಪ್ಪು. ಗುಂಡಿಗಾದರೆ ಕರೆದ ದನಿಗಿಂತ ವೇಗವಿರುತ್ತದೆ. ಸುತ್ತಿಗೆಗೆ ಇರುವುದಿಲ್ಲ. ಒಡತಿ ಕರೆದಳೆಂದು ಟಿಬ್ಬಿ ತಲೆಯೆತ್ತಿ ತಿರುಗಿತು. ಪೆಟ್ಟು ತಲೆಬುರುಡೆಗೆ ಬೀಳಬೇಕಾದ್ದು ದವಡೆಗೆ ಬಿತ್ತು. ದವಡೆ ಮುರಿದ ನಾಯಿ ಓಡಿಹೋಗಲಿಲ್ಲ. ಓಡಿಹೋಗಿದ್ದರೆ ಎಷ್ಟೋ ವಾಸಿಯಿತ್ತು. ನೋವಾದಾಗಲೆಲ್ಲ ಯಾರ ಬಳಿ ಹೋಗುತ್ತಿತ್ತೋ ಅವಳ ಕಡೆಗೇ ತೆವಳಿ ಬಂದು, ಅವಳ ಬೂಟಿನ ಮೇಲೆ ಗದ್ದವಿಟ್ಟು, ಬಾಲ ಆಡಿಸಿತು. ಎರಡನೆಯ ಪೆಟ್ಟು ಜಾರಿತು. ಮೂರನೆಯದಕ್ಕೆ ಮುಗಿಯಿತು.

ನೆಲ ಅಗೆಯಲು ಬಾರದಷ್ಟು ಗಟ್ಟಿಯಾಗಿತ್ತು. ಕಲ್ಲು ಹೊತ್ತು ತಂದು ಮೇಲೆ ಪೇರಿಸಿದಳು. ಸಂಜೆಯವರೆಗೂ ಹೊತ್ತಳು. ಅಲ್ಲಿಂದ ಜೂನ್ ಮುಗಿಯುವವರೆಗೆ ಅವಳು ಮಾತಾಡಿದ್ದನ್ನು ಯಾರೂ ಕೇಳಲಿಲ್ಲ. ತಿಂಗಳ ಕೊನೆಯ ದಿನ ಬಿಡಾರ ಗುಡಿಸಿ, ಒಲೆಯ ಬೂದಿ ತೆಗೆದು, ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಹೊರಟಳು. ಪೇಟೆಯ ಅಂಚಿನಲ್ಲಿ ಪ್ರವಾಸಿಗಳಿಗೆಂದು ಇಟ್ಟ ಕ್ಯಾರವಾನುಗಳಲ್ಲಿ ಚಳಿಗಾಲಕ್ಕೆ ಯಾರೂ ಬಾರದ್ದೊಂದು ಸಿಕ್ಕಿತು. ಅಲ್ಲಿನ ಕಕ್ಕಸು ತೊಳೆಯುವ ಕೆಲಸವೂ ಸಿಕ್ಕಿತು.

ಸೆಪ್ಟೆಂಬರಿನಲ್ಲಿ ಹ್ಯೂಗೊನ ಕ್ಲಬ್ಬು ಕೋರ್ಟಿನಲ್ಲಿ ಗೆದ್ದಿತು. ಕೋವಿ ಯಾವ ಗುಂಡಿನಿಂದ ಕೆಲಸ ಮಾಡುತ್ತದೋ ಆ ಗುಂಡಿನಲ್ಲೇ ಎಣಿಸಬೇಕು. ಒಳಗೆ ಹೋಗುವುದನ್ನೆಲ್ಲ ಎಣಿಸುತ್ತ ಕೂರುವುದು ಹುಚ್ಚು ಎಂದು ನ್ಯಾಯಾಧೀಶರು ಬರೆದರಂತೆ. ಹೋಟೆಲಿನಲ್ಲಿ ಬಿಯರ್ ಹರಿಯಿತು. ಹ್ಯೂಗೊ ಕ್ಯಾರವಾನಿನ ಮುಂದೆ ಗಾಡಿ ನಿಲ್ಲಿಸಿ, ಕಿಟಕಿ ಇಳಿಸಿ, "ನಿಮಗೂ ಗೆದ್ದುಕೊಟ್ಟೆವು ಐಲ್ಸಾ!" ಎಂದು ಕೂಗಿ ಹೋದ.

ವಾರದ ಮೇಲೆ ಕ್ರಾಯ್ ಬಂದ. ಕ್ಯಾರವಾನಿನ ಮಡಚುವ ಮೇಜಿನ ಮೇಲೆ ಒಂದು ಕಾಗದ ಬಿಡಿಸಿಟ್ಟ. ಐಲ್ಸಾ ಈ ಸಲ ನೀರು ಕಾಯಲು ಇಡಲಿಲ್ಲ.

"ನಿಮ್ಮ ಕೋವಿ ಕಾನೂನುಬದ್ಧವಾಗಿತ್ತು ಅಂತ ತೀರ್ಮಾನ ಆಗಿದೆ. ಹತ್ತು ಗುಂಡಿನದು ಅಂತ."

"ಹತ್ತು ಅಂದ್ರೆ ಹತ್ತು," ಎಂದಳು ಐಲ್ಸಾ. "ಎಲ್ಲಿ ಅದು?"

"ಮೂವತ್ತು ದಿನದಲ್ಲಿ ತಕರಾರು ಬರಲಿಲ್ಲವಲ್ಲ, ಜುಲೈನಲ್ಲಿ ಯಂತ್ರಕ್ಕೆ ಹಾಕಿ ನಾಶ ಮಾಡಿದ್ದಾರೆ. ಬಿರಡೆ ಕೋವಿಯ ಭಾಗ ಅಲ್ಲ ಅಂತ ಬೇರೆ ಇಟ್ಟಿದ್ದರು. ಇದು ವಾಪಸ್." ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಜೀನ್‌ಳ ಪೊರಕೆಯ ಕೋಲಿನ ತುಂಡು. "ಇಲ್ಲಿ ಸಹಿ ಹಾಕಿ."

ಹಾಕಿದಳು. "ಲೈಸೆನ್ಸು?"

ಕ್ರಾಯ್ ಎರಡನೆಯ ಕಾಗದ ತೆಗೆದ. "ಅದು ಬೇರೆ ವಿಷಯ. ಮ್ಯಾಗಜೀನ್ ವಿಷಯಕ್ಕಲ್ಲ. ಜೂನ್ ಹದಿನಾರನೇ ತಾರೀಕು ನೀವು ಫೋನಲ್ಲಿ, ಎಲ್ಲಿಂದಾದ್ರೂ ಕೋವಿ ತರ್ತೀನಿ ಅಂದಿದ್ದೀರಿ. ಅಂಥವರು ಕೋವಿ ಇಟ್ಟುಕೊಳ್ಳೋಕೆ ತಕ್ಕ ವ್ಯಕ್ತಿ ಅಲ್ಲ ಅಂತ ಅರ್ಥ ಮಾಡ್ಕೋತಾರೆ. ತಿರಸ್ಕಾರ ಆಗಿದೆ."

ಐಲ್ಸಾ ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ದೂರದ ಗುಡ್ಡದ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ಕ್ರಾಯ್ ಕಾಗದಗಳನ್ನು ಜೋಡಿಸಿಕೊಂಡು ಏಳುವವನು, ಕ್ಯಾರವಾನಿನೊಳಗೆ ಸುತ್ತ ಕಣ್ಣಾಡಿಸಿ ಕೇಳಿದ.

"ನಾಯಿ ಇಲ್ವಲ್ಲ. ಪಶುವೈದ್ಯರು ಬಂದಿದ್ದರಾ ಆವತ್ತು?"

"ಇಲ್ಲ. ನಾನೇ ಮುಗಿಸ್ದೆ."

ಅವನು ಮತ್ತೆ ಕುಳಿತ. ಜೇಬಿನಿಂದ ಪೆನ್ನು ತೆಗೆದು ಟಕ್ಕೆನಿಸಿದ.

"ಯಾವ ಕೋವಿಯಲ್ಲಿ?"

ಐಲ್ಸಾ ಅವನ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಮಂಚದ ಕೆಳಗಿನ ಪೆಟ್ಟಿಗೆಯಿಂದ ಬೇಲಿ ಸುತ್ತಿಗೆ ತೆಗೆದು, ಅವನ ಕಾಗದದ ಮೇಲೆಯೇ ಇಟ್ಟಳು. ಹಿಡಿಯ ಸಂದಿನಲ್ಲಿ ಕಪ್ಪು ಕೂದಲು ಒಣಗಿ ಅಂಟಿತ್ತು.

"ಎಣಿಸಪ್ಪಾ," ಎಂದಳು. "ಇದ್ರಲ್ಲಿ ಎಷ್ಟು ಹಿಡಿಯುತ್ತೆ ನೋಡು. ನಂಗೆ ಮೂರು ಬೇಕಾಯ್ತು."

ಕ್ರಾಯ್‌ಗೆ ಕೈಯ ಅಭ್ಯಾಸ. ತಡೆದುಕೊಳ್ಳುವಷ್ಟರಲ್ಲಿ ಪೆನ್ನು ಕಾಗದದ ಅಂಚಿನಲ್ಲಿ 'ಮೂರು' ಎಂದು ಬರೆದಾಗಿತ್ತು.